ಉಪ್ಪಿನ ಕೈ

"ಉಪ್ ಆಕಿದ್ನೇನೆ ನಾನು?"

ಕುದಿಯುತ್ತಿದ್ದ ಮಟನ್ ಸಾರಿನ ದಬರಿಯ ಮುಂದೆ ನಿಂತು ಮರಿಯಮ್ಮ ತಮ್ಮ ಬಲಗೈಯನ್ನೇ ನೋಡಿಕೊಂಡರು. ಅಂಗೈಯಲ್ಲಿ ಕಲ್ಲುಪ್ಪಿನ ಹರಳು ಇನ್ನೂ ಅಂಟಿಕೊಂಡಿತ್ತು. ಉಪ್ಪು ಮುಟ್ಟಿದ್ದಂತೂ ನಿಜ. ದಬರಿಗೆ ಹಾಕಿದರೋ ಇಲ್ಲವೋ ಎನ್ನುವುದು ಮಾತ್ರ ನೆನಪಿಗೆ ಬರುತ್ತಿಲ್ಲ.

ಬೇರೆ ದಿನವಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಮುಗಿಯಿತು. ಆದರೆ ಇವತ್ತು ಪಿತೃಪಕ್ಷದ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ತಾಕಿಸುವಂತಿಲ್ಲ. ತಾಕಿಸಿದರೆ ಮೀಸಲು ಕೆಟ್ಟ ಹಾಗೆ. ಎಂಜಲು ಅಡುಗೆಯನ್ನು ಹಿರಿಯರು ಮೂಸಿಯೂ ನೋಡುವುದಿಲ್ಲ. ಅತ್ತ ಅಂಗಳದಲ್ಲಿ ಜಕ್ಕೂರು, ಯಲಹಂಕದ ನೆಂಟರೆಲ್ಲ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಇತ್ತ ಹಿತ್ತಲಲ್ಲಿ ಎರಡು ಕುರಿಯ ಸಾರು ಕೊತಕೊತ ಕುದಿಯುತ್ತಿದೆ. ಇನ್ನೊಂದು ಸಲ ಉಪ್ಪು ಹಾಕಿದರೆ ಡಬಲ್ ಆದೀತು, ಹಾಕದಿದ್ದರೆ ಸಪ್ಪೆ ಆದೀತು.

"ಯೋಳೇ, ಆಕಿದ್ನಾ?" ಎಂದು ಮರಿಯಮ್ಮ ಮತ್ತೆ ಕೇಳಿದರು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

ಸೊಸೆ ರಾಧಾಮಣಿಗೆ ಉತ್ತರ ಗೊತ್ತಿತ್ತು. ಅತ್ತೆ ಜಾಡಿಗೆ ಕೈ ಹಾಕಿ ಹಿಡಿ ತುಂಬಿಕೊಂಡಿದ್ದರು. ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತು "ಆನಂದಣ್ಣ ಬಂದ್ರು" ಎಂದು ಯಾರೋ ಕೂಗಿದರು. ಅತ್ತೆ ಉಪ್ಪನ್ನು ಜಾಡಿಗೇ ಸುರಿದು ಸೆರಗು ಸರಿಮಾಡಿಕೊಂಡು ಓಡಿದ್ದರು. ಇದನ್ನೆಲ್ಲ ಅವಳು ಪಕ್ಕದಲ್ಲೇ ನಿಂತು ಕಂಡಿದ್ದಳು. 'ಹಾಕಿದ್ರಿ ಅತ್ತೆ' ಎಂದುಬಿಟ್ಟರೆ ಸಾಕು, ಅವರು ತೃಪ್ತಿಯಿಂದ ಒಳಗೆ ಹೋಗುತ್ತಾರೆ. ಆಮೇಲೆ ಸಾರಿಗೆ ಬೇಕಾದಷ್ಟನ್ನು ತಾನೇ ಹಾಕಬಹುದು. ಇಂಥ ಅವಕಾಶಕ್ಕಾಗಿ ಅವಳು ಎಷ್ಟು ದಿನದಿಂದ ಕಾಯುತ್ತಿದ್ದಳೆಂದು ಆ ಹಿರಿಯರಿಗೇ ಗೊತ್ತು.

ಅಮೃತಹಳ್ಳಿಯ ಆ ಮೂರಂತಸ್ತಿನ ಮನೆ ಎದ್ದಿರುವುದು ಒಂದು ಕಾಲದ ರಾಗಿ ಹೊಲದ ಮೇಲೆ. ಹೊಲ ಹೋಯಿತು, ರಸ್ತೆ ಕಡೆಗೆ ಮೊಬೈಲ್ ಅಂಗಡಿ ಬಂತು, ಮಹಡಿಗೆ ಬಾಡಿಗೆಯವರು ಬಂದರು, ಅಡುಗೆಮನೆಗೆ ಹೊಳೆಯುವ ಕಪಾಟುಗಳು ಬಂದವು. ಬದಲಾಗದೆ ಉಳಿದದ್ದು ಉಪ್ಪಿನ ಕಾಯಿದೆ ಒಂದೇ. ಸೊಸೆಯಾದವಳು ಹೆಚ್ಚಬಹುದು, ರುಬ್ಬಬಹುದು, ಒಗ್ಗರಣೆ ಹಾಕಬಹುದು. ಉಪ್ಪು ಮಾತ್ರ ಅತ್ತೆಯ ಕೈಯಿಂದಲೇ ಬೀಳಬೇಕು. ಮರಿಯಮ್ಮನ ಅತ್ತೆಯೂ ಹಾಸಿಗೆ ಹಿಡಿಯುವ ತನಕ ಜಾಡಿಯನ್ನು ಬಿಟ್ಟುಕೊಟ್ಟಿರಲಿಲ್ಲ. ರಾಧಾಮಣಿ ಬಿಕಾಂ ಓದಿದವಳು, ಕಟ್ಟಡಗಳ ಬಾಡಿಗೆ, ತೆರಿಗೆ ಎಲ್ಲವನ್ನೂ ನೋಡಿಕೊಳ್ಳುವವಳು. ಆದರೂ ತನ್ನ ಮನೆಯ ತಿಳಿಸಾರಿಗೆ ಒಂದು ಚಿಟಿಕೆ ಉಪ್ಪು ಹಾಕುವ ಯೋಗ ಅವಳಿಗೆ ಬಂದಿರಲಿಲ್ಲ.

ಅದನ್ನೂ ಸಹಿಸಬಹುದಿತ್ತು. ಕಷ್ಟ ಬೇರೆಯದೇ ಇತ್ತು. ವಯಸ್ಸಾದಂತೆ ಮರಿಯಮ್ಮನ ನಾಲಿಗೆ ಮೊಂಡಾಗುತ್ತ, ಹಿಡಿ ದೊಡ್ಡದಾಗುತ್ತ ಹೋಯಿತು. ಹೇಳುವ ಧೈರ್ಯ ಯಾರಿಗೂ ಇಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುವ ಗಾದೆಯನ್ನು ಆ ಮನೆಯವರಷ್ಟು ನಿಷ್ಠೆಯಿಂದ ಪಾಲಿಸಿದವರು ಇಡೀ ಬೆಂಗಳೂರಿನಲ್ಲಿ ಇರಲಾರರು. ಗಂಡ ಅಶ್ವತ್ಥ್ ಹೊರಗೆ ತಿಂದು ಬಂದೆನೆಂದು ತಪ್ಪಿಸಿಕೊಳ್ಳುತ್ತಿದ್ದ. ಮಾವ ಪಿಳ್ಳಪ್ಪ ಮಾತ್ರ ಹೆಂಡತಿ ಬಡಿಸಿದ್ದನ್ನು ಹಾಗೇ ಉಣ್ಣುವ ಮನುಷ್ಯ. ಬಿಪಿ ಏರಿತು, ಕಾಲು ಊದಿತು. ಹೋದ ವರ್ಷ ಇದೇ ಹಬ್ಬದಲ್ಲಿ ಮನಸಾರೆ ಉಂಡು, ಮರುದಿನ ಬೆಳಿಗ್ಗೆ ಉಸಿರು ಸಿಗದೆ ಒದ್ದಾಡಿ ಆಸ್ಪತ್ರೆ ಸೇರಿದರು. "ಇನ್ನೊಂದ್ ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ ಕಣಮ್ಮ" ಎಂದು ಡಾಕ್ಟರು ಅಂದದ್ದು ರಾಧಾಮಣಿಯ ಕಿವಿಯಲ್ಲಿ ಕೂತುಬಿಟ್ಟಿತು. ಮೂರು ಹೊತ್ತೂ "ಊಟ ಆಯ್ತೇನಮ್ಮ" ಎಂದು ಅವಳನ್ನು ವಿಚಾರಿಸುತ್ತಿದ್ದವರು ಆ ಮನೆಯಲ್ಲಿ ಮಾವ ಒಬ್ಬರೇ.

ಮೊದಲು ಅವಳು ಅಂಗಡಿಯಿಂದ ಸೋಡಿಯಂ ಕಡಿಮೆ ಇರುವ ಪ್ಯಾಕೆಟ್ ಉಪ್ಪು ತಂದಳು. ಮಾವ ನುಂಗುವ ಮಾತ್ರೆಗೂ ಅದರಲ್ಲಿರುವ ಪೊಟ್ಯಾಸಿಯಂಗೂ ಆಗಿಬರುವುದಿಲ್ಲ ಎಂದು ಡಾಕ್ಟರು ಅದನ್ನು ಬೇಡವೆಂದರು. ಸೈಂಧವ ಲವಣ ತಂದಳು. ಬಣ್ಣ ಬೇರೆಯಾದರೂ ಅದೂ ಉಪ್ಪೇ ಎಂದು ಅವರು ನಕ್ಕರು. ಕೊನೆಗೆ ದಾರಿ ತೋರಿಸಿದ್ದು ಮಹಡಿಯ ಬಾಡಿಗೆಗೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಸಂಗವ್ವ.

"ಉಪ್ಪಿನ ಬದಲಿ ಉಪ್ಪು ಯಾಕ ಹುಡುಕತೀರಿ ಅಕ್ಕಾರ? ಹುಳಿ ಹಿಡೀರಿ, ಬಳ್ಳೊಳ್ಳಿ ಹಿಡೀರಿ, ಗುರೆಳ್ಳು ಚಂದಂಗ ಹುರದು ಹಾಕ್ರಿ. ಉಪ್ಪು ಒಂದೀಟು ಸಾಕು, ಅದನ್ನೂ ಒಲಿ ಆರಿಸಿದ ಮ್ಯಾಲೆ ಹಾಕ್ರಿ. ನಾಲಿಗಿಗೆ ಮೊದಲ ಅದ ಸಿಗತೈತಿ."

ಗುರೆಳ್ಳು ಅಂದರೆ ತಮ್ಮ ಹುಚ್ಚೆಳ್ಳೇ ಎಂದು ಗೊತ್ತಾದಾಗ ರಾಧಾಮಣಿಗೆ ನಗು ಬಂತು. ಕೆಳಗೆ ಮೂರು ಒಲೆಯ ಅಡುಗೆಮನೆ ಇಟ್ಟುಕೊಂಡು, ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವಳು ಬಾಡಿಗೆಯವರ ಮನೆಗೆ ಹೋಗಿ ಉಪ್ಪು ಹಾಕುವುದನ್ನು ಕಲಿತಳು. ಒಂದು ದಿನ ಹುಳಿ ಜಾಸ್ತಿಯಾಯಿತು, ಒಂದು ದಿನ ಎಳ್ಳು ಸೀದು ಕಹಿಯಾಯಿತು. "ಇವತ್ತಿನ ಸಾರು ನನ್ನ ಗಂಡಗ ಹಾಕಂಗಿಲ್ಲ ನೋಡ್ರಿ" ಎಂದು ಸಂಗವ್ವ ಮುಖದ ಮೇಲೇ ಹೇಳುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳೇ ತಟ್ಟೆ ಚಾಚಿ "ಇನ್ನೊಂದೀಟು ಹಾಕ್ರಿ" ಅನ್ನುವಂತಾಯಿತು.

ಹಬ್ಬಕ್ಕೆ ಮುಂಚೆ ರಾಧಾಮಣಿ ಧೈರ್ಯ ಮಾಡಿ ಅತ್ತೆಯನ್ನು ಕೇಳಿದ್ದಳು. "ಅತ್ತೆ, ಈ ಸಲ ಎಡೆಗೆ ಬೇರೆ ಪಾತ್ರೆ ಇಟ್ಟು ನಿಮ್ ಲೆಕ್ಕದಲ್ಲಿ ಉಪ್ಪು ಹಾಕಿ. ಊಟದ ಸಾರಿಗೆ ಕಮ್ಮಿ ಮಾಡೋಣ. ಮಾವನಿಗೋಸ್ಕರ."

"ಎಡೆಗೊಂದು, ಊಟಕ್ಕೊಂದು ಮಾಡಾಕಾಯ್ತದಾ? ಇರೀಕರು ಉಂಡಿದ್ದನ್ನೇ ನಾವೂ ಉಣ್ಬೇಕು. ಡಾಕ್ಟ್ರನ್ನ ಕೇಳ್ಕೊಂಡು ಇರೀಕರಿಗೆ ಉಪ್ ಆಕಾನೇನು? ಉಪ್ಪಿಗಿಂತ ರುಚಿ ಇಲ್ಲ ಅಂತ ಸುಮ್ಕೆ ಯೋಳವ್ರಾ?" ಎಂದು ಮರಿಯಮ್ಮ ಮಾತು ಮುಗಿಸಿದ್ದರು. ಹಾಗೆಂದು ಗಂಡನ ಮೇಲೆ ಅವರಿಗೆ ಪ್ರೀತಿ ಇಲ್ಲವೆಂದಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತು ಅತ್ತಿದ್ದು ಅವರೇ. ಆದರೆ ತಮ್ಮ ಕೈಯ ಉಪ್ಪಿಗೂ ಆ ಆಸ್ಪತ್ರೆಗೂ ಸಂಬಂಧವಿದೆ ಎಂದು ಒಪ್ಪಿಕೊಳ್ಳುವುದು ಯಾವ ಹೆಂಡತಿಗೆ ಸುಲಭ?

ಈಗ ಆ ಕೈಯನ್ನೇ ಅವರು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮರಿಯಮ್ಮನ ಮುಖದಲ್ಲಿದ್ದದ್ದು ಉಪ್ಪಿನ ಚಿಂತೆಯಲ್ಲ, ತಮಗೆ ಮರೆವು ಬಂತೇ ಎನ್ನುವ ಭಯ. ಅದನ್ನು ಕಂಡು ರಾಧಾಮಣಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಅತ್ತೆ, ಹಾಕಿಲ್ಲ. ಕೈಗೆ ತಗೊಂಡಿದ್ರಿ, ಆನಂದಣ್ಣ ಬಂದ್ರು ಅಂತ ಜಾಡಿಗೇ ಹಾಕಿ ಹೋದ್ರಿ. ನಾನೇ ನೋಡ್ದೆ." ಅಷ್ಟಕ್ಕೇ ನಿಲ್ಲಿಸದೆ ಅಂದೇಬಿಟ್ಟಳು. "ಈ ಸಲ ನಾನ್ ಹಾಕ್ತೀನಿ ಅತ್ತೆ."

ಮರಿಯಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ ಎನ್ನುವುದು ಅವರಿಗೂ ತಿಳಿಯಿತು. ಜಾಡಿಯನ್ನು ಮುಂದಕ್ಕೆ ತಳ್ಳಿದರು.

"ಆಕು. ಆದ್ರೆ ಒಂದ್ ಮಾತು. ಆನಂದಪ್ಪ ಸಪ್ಪೆ ಅಂತ ಎಲೆ ಬಿಟ್ಟು ಎದ್ರೆ, ನಾ ಸಾಯೋಗಂಟ ಈ ಜಾಡಿ ನಿನ್ ಕೈಗೆ ಬರಾಕಿಲ್ಲ."

ಅದು ಸಣ್ಣ ಷರತ್ತಲ್ಲ. ಆನಂದಪ್ಪ ಪಿಳ್ಳಪ್ಪನ ದೊಡ್ಡಪ್ಪನ ಮಗ, ಜಕ್ಕೂರಿನ ದೊಡ್ಡ ಕುಳ. ಯಲಹಂಕದ ಒಂದು ಬೀಗರೂಟದಲ್ಲಿ ಉಪ್ಪು ಸಾಲದೆಂದು "ಸಮುದ್ರ ಏನಾರ ಬತ್ತೋಯ್ತಾ?" ಎಂದು ಕೇಳಿ ಅರ್ಧ ಊಟಕ್ಕೇ ಎದ್ದ ಮನುಷ್ಯ. ಆ ಬೀಗರು ಇಂದಿಗೂ ತಲೆ ಎತ್ತಿ ಅವರ ಮುಂದೆ ಓಡಾಡುವುದಿಲ್ಲ.

ರಾಧಾಮಣಿ ಹುರಿದು ಪುಡಿ ಮಾಡಿಟ್ಟಿದ್ದ ಹುಚ್ಚೆಳ್ಳನ್ನು ಸಾರಿಗೆ ಬೆರೆಸಿದಳು. ಸುಟ್ಟ ಬೆಳ್ಳುಳ್ಳಿ ಜಜ್ಜಿ ಹಾಕಿದಳು, ಹುಣಸೆ ಹುಳಿ ಬಿಟ್ಟಳು, ಮೆಣಸು ಕುಟ್ಟಿ ಉದುರಿಸಿದಳು. ಒಲೆ ಆರಿಸಿದ ಮೇಲೆ ಜಾಡಿಗೆ ಕೈ ಹಾಕಿದಳು. ಅತ್ತೆಯ ಹಿಡಿಯ ಮುಂದೆ ಅವಳು ತೆಗೆದದ್ದು ಏನೇನೂ ಅಲ್ಲ.

"ಅಷ್ಟೇನಾ?"

"ಅಷ್ಟೇ ಅತ್ತೆ."

"ದೇವ್ರೇ ಕಾಪಾಡ್ಬೇಕು" ಎಂದು ಮರಿಯಮ್ಮ ಒಳಗೆ ಹೋದರು. ರುಚಿ ನೋಡದೆ ಅಷ್ಟು ಜನಕ್ಕೆ ಬಡಿಸುವುದು ಎಂಥ ಸಂಕಟವೆಂದು ರಾಧಾಮಣಿಗೆ ಅರ್ಥವಾದದ್ದು ಆವಾಗಲೇ. ಇಷ್ಟು ವರ್ಷ ಅತ್ತೆ ಪ್ರತಿ ಹಬ್ಬಕ್ಕೂ ಈ ಸಂಕಟ ನುಂಗಿದ್ದರಲ್ಲ ಎಂದು ಮೊದಲ ಸಲ ಅವರ ಮೇಲೆ ಗೌರವ ಹುಟ್ಟಿತು.

ನಡುಮನೆಯಲ್ಲಿ ಎಡೆ ಇಟ್ಟರು. ಮುದ್ದೆ, ಸಾರು, ವಡೆ, ಹೊಸ ಪಂಚೆ ಸೀರೆ, ಪಿಳ್ಳಪ್ಪನ ಅಪ್ಪನಿಗೆಂದು ಒಂದು ಕಟ್ಟು ಬೀಡಿ. ಕರ್ಪೂರ ಹಚ್ಚಿ, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. 'ಬರೋರು ಬೇಗ ಉಂಡು ಹೋಗ್ರಪ್ಪಾ' ಎಂದು ರಾಧಾಮಣಿ ಮನಸ್ಸಿನಲ್ಲೇ ಬೇಡಿಕೊಂಡಳು. ಬಾಗಿಲು ತೆರೆದು ಕೈ ಮುಗಿದದ್ದೇ ಪಂಕ್ತಿ ಹಾಕಿದರು. ಎಲೆಯ ತುದಿಗೆ ಮೊದಲು ಉಪ್ಪು ಬಡಿಸಿದರು, ಆಮೇಲೆ ಮಿಕ್ಕಿದ್ದು.

ಆನಂದಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಹುಬ್ಬು ಗಂಟಾಯಿತು. ಬಾಗಿಲ ಬಳಿ ಮರಿಯಮ್ಮ, ಸೌಟು ಹಿಡಿದು ರಾಧಾಮಣಿ, ಇಬ್ಬರೂ ಅವರ ಬಾಯನ್ನೇ ನೋಡುತ್ತ ನಿಂತರು. ಆನಂದಪ್ಪನ ಬೆರಳು ಎಲೆಯ ತುದಿಯ ಉಪ್ಪಿನ ಕಡೆ ಹೋಯಿತು. ಆ ಬೆರಳು ಚೂರು ಉಪ್ಪನ್ನು ಎತ್ತಿಕೊಂಡು, ಸಾರಿಗಲ್ಲ, ಈರುಳ್ಳಿ ಹೋಳಿಗೆ ಸವರಿತು. ಅದನ್ನು ಅವರು ಕರಕರನೆ ಅಗಿದರು.

"ಅಮ್ಮಣ್ಣಿ, ಸಾರ್ ಬಿಡು" ಎಂದರು ಆನಂದಪ್ಪ. "ಇನ್ನೂ ಬಿಡು. ಯಾಕ್ ಇಂಗೆ ಕೈ ಇಡ್ಕೊಂಡ್ ಬಿಡ್ತೀಯಾ?"

ಪಕ್ಕದಲ್ಲಿ ಕೂತಿದ್ದ ಪಿಳ್ಳಪ್ಪ ತಾವೂ ಎಲೆ ತೋರಿಸಿದರು. ಉಳಿದ ಗಂಡಸರೂ ಅಷ್ಟೇ. ಅವರಲ್ಲಿ ಅರ್ಧ ಜನ ಜೇಬಿನಲ್ಲಿ ಬಿಪಿ ಮಾತ್ರೆ ಇಟ್ಟುಕೊಂಡೇ ಬಂದವರು. ಪ್ರತಿ ವರ್ಷ ಊಟದ ನಡುವೆ ನೀರು ನೀರು ಎಂದು ಕೂಗುತ್ತಿದ್ದವರು ಈ ಸಲ ಸಾರು ಸಾರು ಎಂದು ಕೂಗತೊಡಗಿದರು. ನೀರಿನ ಜಗ್ಗು ಹಿಡಿದು ನಿಂತಿದ್ದ ಅಶ್ವತ್ಥನನ್ನು ಯಾರೂ ತಿರುಗಿಯೂ ನೋಡಲಿಲ್ಲ.

ಆನಂದಪ್ಪ ಎಲೆಯನ್ನು ಬಳಿದು ಬೆರಳು ಚೀಪಿ ತೀರ್ಪು ಕೊಟ್ಟರು. "ಈ ವರ್ಸ ಕುರಿ ಒಳ್ಳೇದ್ ಸಿಕ್ಕದೆ ಕಣೋ ಪಿಳ್ಳ. ಎಲ್ಲಿ ಇಡಿದೆ?"

ರಾಧಾಮಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೆದ್ದದ್ದು ತಾನು, ಹಾರ ಬಿದ್ದದ್ದು ಕುರಿಗೆ! ಪಿಳ್ಳಪ್ಪ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಮರಿಯಮ್ಮನ ದನಿ ಬಂತು. ಅವರ ಹಳೆಯ ಜೋರು ದನಿ, ಇಡೀ ಪಂಕ್ತಿಗೆ ಕೇಳುವಂಥದ್ದು.

"ಕುರಿ ಯಾವಾಗ್ಲೂ ತರೋ ಖಾದರ್ ಬಾಷಾ ಅಂಗಡೀದೇ ಭಾವ. ಕೈ ಬೇರೆ. ಉಪ್ ಆಕಿದ್ದು ನನ್ ಸೊಸೆ."

ಪಂಕ್ತಿಯ ತಲೆಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. ಆನಂದಪ್ಪ ಅವಳನ್ನು ಹೊಸದಾಗಿ ನೋಡುವವರಂತೆ ನೋಡಿ, "ಅಂಗಾದ್ರೆ ಇನ್ನೊಂದ್ ಮುದ್ದೆ ಇಕ್ಕು" ಎಂದರು. ರಾಧಾಮಣಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಮದುವೆಯ ದಿನ ತಾಳಿ ಕಟ್ಟಿಸಿಕೊಂಡಾಗಲೂ ಈ ಮನೆ ತನ್ನದೆಂದು ಅವಳಿಗೆ ಇಷ್ಟು ಗಟ್ಟಿಯಾಗಿ ಅನಿಸಿರಲಿಲ್ಲ. ಕಣ್ಣು ತುಂಬಿ ಬಂತು, ಮೆಣಸಿನ ಖಾರ ಎಂದು ಸೆರಗಿನಲ್ಲಿ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳಿಗೆ ಎಚ್ಚರವಾದಾಗ ಮಾವನ ಕೋಣೆಯ ಬಾಗಿಲು ತೆರೆದಿತ್ತು, ಹಾಸಿಗೆ ಖಾಲಿ ಇತ್ತು. ಹೋದ ವರ್ಷದ ಬೆಳಿಗ್ಗೆ ನೆನಪಾಯಿತು. ಹೊರಗೆ ಓಡಿ ಬಂದರೆ ಪಿಳ್ಳಪ್ಪ ಕೆರೆ ಕಡೆ ನಡೆದಾಡಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು. ಕಾಲು ಊದಿರಲಿಲ್ಲ, ಬೂಟು ಸಲೀಸಾಗಿ ಕಳಚಿ ಬಂತು.

"ಅಸೀತಾ ಅದೆ ಕಣಮ್ಮ. ತಿಂಡಿ ಏನು?" ಎಂದು ಕೇಳಿದರು.

ಅವಳು ಉತ್ತರಿಸುವ ಮೊದಲೇ ಅಡುಗೆಮನೆಯಿಂದ ಮರಿಯಮ್ಮ ಕೂಗಿದರು. "ರಾಧಾ, ಎಲ್ಲೋದ್ಯೇ? ಉಪ್ಪಿಟ್ಟಿಗೆ ನೀರು ಕುದೀತಾ ಅದೆ, ಬಾ."

ಒಳಗೆ ಹೋದಾಗ ಒಗ್ಗರಣೆಯ ಘಮಲು ಮನೆಯೆಲ್ಲ ಹರಡಿತ್ತು. ರವೆ ಹುರಿದು ತಟ್ಟೆಯಲ್ಲಿ ಇಟ್ಟಾಗಿತ್ತು. ಬಾಣಲೆಯಲ್ಲಿ ನೀರು ಮರಳುತ್ತಿತ್ತು. ಒಲೆಯ ಪಕ್ಕದಲ್ಲಿ ಉಪ್ಪಿನ ಜಾಡಿಯ ಮುಚ್ಚಳ ತೆಗೆದಿಟ್ಟು, ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನೆ ನಿಂತು ಕಾಯುತ್ತಿದ್ದರು.