ಟೊಕ್ಟುವಿನ ಸಿಳ್ಳೆ

ಕಿರ್ಗಿಜ್ ನಾಡಿನ ಕರಾಕೋಲ್ ಊರಿನ ಅರ್ಧ ಜನರ ಬಾಯೊಳಗೆ ಹಲ್ಲಿನ ಡಾಕ್ಟರ್ ಬುರುಲ್‌ಳ ಕೈಕೆಲಸವಿದೆ. ಆದರೆ ಊರಿಗೆಲ್ಲ ‘ಅಕೆ’, ಅಂದರೆ ದೊಡ್ಡಣ್ಣ, ಆದ ಶರ್ಶೆನ್ ಅಕೆಗೆ ಕಟ್ಟಿದ ಹಲ್ಲಿನ ಸೆಟ್ಟಿಗೆ ಅವಳು ಬಣ್ಣ ಹೊಂದಿಸಿದ್ದೇನು, ಉಜ್ಜಿದ್ದೇನು, ಮನೆಗೆ ಒಯ್ದು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಉಜ್ಜಿದ್ದೇನು! ಮಗಳ ಮದುವೆಗೂ ಯಾರೂ ಅಷ್ಟು ಒದ್ದಾಡುವುದಿಲ್ಲ.

ಅಷ್ಟು ಒದ್ದಾಟಕ್ಕೆ ತಕ್ಕ ಮನುಷ್ಯರೇ ಅವರು. ತೊಂಬತ್ತರ ದಶಕದಲ್ಲಿ ಊರಿಗೊಂದು ಪುಟ್ಟ ಟೀವಿ ಕೇಂದ್ರವಿತ್ತು. ಸಂಜೆ ಹೊತ್ತು ಎಲ್ಲಿಂದಲೋ ಬಂದ ಕಾರ್ಟೂನ್ ಕ್ಯಾಸೆಟ್ ಹಾಕುತ್ತಿದ್ದರು. ಅದರೊಳಗಿನ ಮಾತು ಯಾವ ದೇಶದ್ದೆಂದು ಹಾಕುವವರಿಗೇ ಗೊತ್ತಿರಲಿಲ್ಲ. ಶರ್ಶೆನ್ ಒಬ್ಬರೇ ಮೈಕಿನ ಮುಂದೆ ಕೂತು, ಚಿತ್ರ ಓಡುತ್ತಿದ್ದಂತೆಯೇ, ಅದರಲ್ಲಿದ್ದ ಎಲ್ಲರ ಬಾಯಿಗೂ ಕಿರ್ಗಿಜ್ ಮಾತು ತುಂಬುತ್ತಿದ್ದರು. ಪಟ್ಟೆ ಅಂಗಿಯ ಕುರಿಮರಿಗೆ ಟೊಕ್ಟು ಎಂದು ಹೆಸರಿಟ್ಟವರು ಅವರೇ. ಅದರ ಬೆನ್ನು ಬಿಡದ ಪೆದ್ದು ತೋಳವನ್ನು ಬೊರು ಎಂದು ಕರೆದವರೂ ಅವರೇ. ಬೊರುವಿನದು ಗೊಗ್ಗರು ದನಿ, ಸದಾ ನೆಗಡಿ. ಟೊಕ್ಟು ಬಾಯಿ ತೆರೆದರೆ ಮಾತ್ರ ಪ್ರತಿ ‘ಸ’ಕ್ಕೂ ಒಂದು ಸಣ್ಣ ಸಿಳ್ಳೆ ಹೊರಡುತ್ತಿತ್ತು. ನಕ್ಕರಂತೂ ಒಲೆಯ ಮೇಲಿನ ಕೆಟಲ್ ಕುದಿ ಬಂದ ಹಾಗೆ.

ಊರಿನ ಮಕ್ಕಳಲ್ಲಿ ಮುಂದಿನ ಹಾಲುಹಲ್ಲು ಬಿದ್ದವರೆಲ್ಲ ಆ ಸಿಳ್ಳೆ ಕಲಿತರು. ಬೀಳದವರು ಹೊಟ್ಟೆ ಉರಿದುಕೊಂಡರು. ಬುರುಲ್ ಹೊಟ್ಟೆ ಉರಿದುಕೊಂಡವರ ಪೈಕಿ. ಅವಳು ಹಲ್ಲು ಕೀಳುವ ಕೆಲಸ ಹಿಡಿದದ್ದೇ ಆ ಸಂಕಟಕ್ಕೆ ಎಂದು ಅವಳ ಜೊತೆ ಓದಿದ ಕುಬಾತ್ ಇವತ್ತಿಗೂ ಛೇಡಿಸುತ್ತಾನೆ. ಅವನಿಗೆ ಪೇಟೆಯಲ್ಲಿ ಒಂದು ಊಟದ ಹಾಲ್ ಇದೆ, ಬಾಯಿಗೆ ಬೀಗ ಇಲ್ಲ.

ಈ ಇಬ್ಬರೂ ಸೇರಿ ಶರ್ಶೆನ್ ಅಕೆಗೆ ಸನ್ಮಾನದ ಔತಣವೊಂದನ್ನು ಗೊತ್ತುಮಾಡಿದ್ದರು. ಟೊಕ್ಟು ನೋಡಿ ಬೆಳೆದವರು ಬಿಷ್ಕೆಕ್‌ನಿಂದ, ದೂರದ ಮಾಸ್ಕೋದಿಂದಲೂ ಬರುವುದಾಗಿ ತಿಳಿಸಿದ್ದರು. ಅದಕ್ಕೊಂದು ಕಾರಣವಿತ್ತು. ಆಗಿನ ಚಳಿಗಾಲಗಳಲ್ಲಿ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ದೇವರೇ ಬಲ್ಲ. ಕೊನೆಯ ಕಂತಿನಲ್ಲಿ ಟೊಕ್ಟು ನೀರಿನ ಮೇಲೆ ಒಡೆಯುತ್ತಿರುವ ಮಂಜುಗಡ್ಡೆಯ ಮೇಲೆ ನಿಂತಿದ್ದಾಗಲೇ ಕರೆಂಟು ಹೋಯಿತು. ಅದೇ ವಾರ ಕೇಂದ್ರಕ್ಕೂ ಬೀಗ ಬಿತ್ತು. ಪಾಪದ ಮರಿ ಇಷ್ಟು ವರ್ಷ ಊರಿನವರ ತಲೆಯೊಳಗೆ ಆ ಮಂಜಿನ ಮೇಲೆಯೇ ನಿಂತಿದೆ. ಈಗ ಬುರುಲ್ ಹುಡುಕಿ ಹುಡುಕಿ ಆ ಕಂತನ್ನು ತರಿಸಿದ್ದಳು. ಅಕೆ ಅದಕ್ಕೆ ಎಲ್ಲರೆದುರು ದನಿ ಕೊಡಬೇಕು, ಟೊಕ್ಟು ದಡ ಸೇರಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಹಲ್ಲಿನ ಸೆಟ್ಟು ಅದಕ್ಕೆ ಅವಳ ಉಡುಗೊರೆ. ಅಕೆ ಯಾವಾಗ ಎದುರಾದರೂ ಅವರ ಬಲಗೈ ಬಾಯಿಗೆ ಅಡ್ಡ ಇರುತ್ತಿತ್ತು. ನಗುವಾಗಲೂ ಅಷ್ಟೇ, ಅಂಗಡಿಯಲ್ಲಿ ಬ್ರೆಡ್ ಕೇಳುವಾಗಲೂ ಅಷ್ಟೇ. ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ಮೇಲಿನ ಸಾಲಿನ ನಟ್ಟ ನಡುವೆ ಒಂದು ಹಳೆಯ ಖಾಲಿ ಜಾಗ, ಆಚೆ ಈಚೆ ಇನ್ನೆರಡು. ಬುರುಲ್ ಮೂರನ್ನೂ ಅಂದವಾಗಿ ಮುಚ್ಚಿದಳು.

“ದಿನಾ ರಾತ್ರಿ ತೆಗೆದು ತೊಳೀಬೇಕು ಅಕೆ. ಮಾಂಸದ ಗಟ್ಟಿ ನರ, ಮೂಳೆ ಅಂತ ಏನಾದ್ರೂ ಕಚ್ಚೋದಿದ್ರೆ ಮೊದಲು ತೆಗೆದಿಟ್ಬಿಡಿ. ಮುರಿದ್ರೆ ನಾನು ಜವಾಬ್ದಾರಳಲ್ಲ,” ಎಂದಳು. ಆಮೇಲೆ ತಡೆಯಲಾರದೆ, ಎಳೆ ಹುಡುಗಿಯ ಹಾಗೆ, “ಎಲ್ಲಿ, ಟೊಕ್ಟು ನಗು ಒಂದ್ಸಲ ನಕ್ಕುಬಿಡಿ!” ಎಂದಳು.

ಅಕೆ ಕನ್ನಡಿ ಹಿಡಿದು ನಕ್ಕರು. ಬ್ಯಾಂಕಿನ ಮ್ಯಾನೇಜರ್ ಒಬ್ಬ ಮರ್ಯಾದೆಗೆ ನಕ್ಕ ಹಾಗಿತ್ತು. ಇನ್ನೊಮ್ಮೆ ಪ್ರಯತ್ನಿಸಿದರು. ಇನ್ನೂ ಮರ್ಯಾದಸ್ಥ ನಗು ಬಂತು.

“ಸಿಳ್ಳೆ ಎಲ್ಲೋಯ್ತು ಅಕೆ?”

“ಅದು ಬರ್ತಿದ್ದಿದ್ದೇ ಆ ಸಂದಿಯಿಂದ ಮಗಳೇ. ಬಾಗಿಲು ಹಾಕ್ಬಿಟ್ಟೆಯಲ್ಲ ನೀನು.”

ಬುರುಲ್ ತಾನು ಕಟ್ಟಿದ ಹಲ್ಲನ್ನೇ ನೋಡಿದಳು. ಯಾವ ದನಿ ಕೇಳಲೆಂದು ಇಷ್ಟೆಲ್ಲ ಮಾಡಿದಳೋ ಅದನ್ನೇ ಕೈಯಾರೆ ಮುಚ್ಚಿ, ಮೇಲೆ ಪಾಲಿಷ್ ಬೇರೆ ಕೊಟ್ಟಿದ್ದಳು.

“ಆವತ್ತೊಂದಿನ ತೆಗೆದಿಟ್ರಾಯ್ತಲ್ಲ...” ಎಂದಳು ಮೆಲ್ಲಗೆ.

ಅಕೆ ಕನ್ನಡಿ ಕೆಳಗಿಟ್ಟರು. “ಹುಡುಗನಾಗಿದ್ದಾಗ ಕುದುರೆ ಒದ್ದು ಹೋದ ಹಲ್ಲು ಅದು. ನನ್ನ ಮದುವೆ ಫೋಟೋ ನೋಡು, ಅದರಲ್ಲೂ ಬಾಯಿಗೆ ಕೈ. ನೆಂಟರೆಲ್ಲ ನನ್ನನ್ನ ಹಮ್ಮಿನವನು ಅಂದ್ಕೊಂಡ್ರು. ಆ ಮೈಕಿನ ಕೋಣೇಲಿ ಯಾರೂ ಇರ್ತಿರಲಿಲ್ಲ ನೋಡು, ಅಲ್ಲಿ ಮಾತ್ರ ಬಾಯ್ತುಂಬ ನಗ್ತಿದ್ದೆ. ಈಗ ನೀನು ಹಲ್ಲು ಕೊಟ್ಟೆ, ನಾಲ್ಕು ಜನರ ಮುಂದೆ ಬಾಯಿ ತೆರೆಯೋ ಹಾಗೆ ಮಾಡ್ದೆ. ಏನ್ ಬೇಕಾದ್ರೂ ಕೇಳು, ಇದೊಂದು ಕೇಳ್ಬೇಡ.”

ಅವಳು ಮತ್ತೆ ಕೇಳಲಿಲ್ಲ. ಹೇಗೆ ಕೇಳುತ್ತಾಳೆ? ಬಾಗಿಲ ಬಳಿ ಕಾಯುತ್ತಿದ್ದ ಅವರ ಹೆಂಡತಿ ಕಾಲಿಚಾ ಅಪಾ ಗಂಡನ ಮುಖ ನೋಡಿದ್ದೇ ಎರಡೂ ಕೈಯಿಂದ ತನ್ನ ಕೆನ್ನೆ ಹಿಡಿದುಕೊಂಡು, “ಅಯ್ಯೋ, ಇಷ್ಟು ಲಕ್ಷಣವಾಗಿದ್ದವನಾ ನೀನು? ನನಗೆ ಮೊದಲೇ ಹೇಳ್ಬಾರದಿತ್ತಾ!” ಎಂದರು. ಅಕೆ ನಾಚಿ ಕಿವಿಯವರೆಗೆ ಕೆಂಪಾದರು.

ವಿಷಯ ಕೇಳಿ ಕುಬಾತ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಡೀ ಊರಿನ ಹಲ್ಲು ಕಿತ್ತೋಳು, ನೆಡ್ಬಾರದ ಕಡೆ ಹೋಗಿ ನೆಟ್ಟಿದೀಯಲ್ಲೇ!”

“ನಗ್ಬೇಡ ಕಣೋ. ಜನ ಮಾಸ್ಕೋದಿಂದ ಬರ್ತಿದಾರೆ. ಏನ್ ಕೇಳಿಸ್ಲಿ ಅವರಿಗೆ?”

“ಸಿಳ್ಳೆ ನಾನು ಹೊಡೀಲಾ? ಕರ್ಟನ್ ಹಿಂದೆ ನಿಂತ್ಕೊಂಡು?”

“ನಿನ್ನ ತಲೆ!”

“ಸರಿ ಬಿಡು. ಊಟದ ಚಿಂತೆ ಮಾಡ್ಬೇಡ, ಅದು ನಂದು. ಸಂಪ್ರದಾಯದಲ್ಲಿ ಒಂದು ಕೂದಲೂ ಆಚೀಚೆ ಆಗಲ್ಲ, ನೋಡ್ತಿರು.”

ಔತಣದ ಮಧ್ಯಾಹ್ನ ಹಾಲ್ ತುಂಬಿ ತುಳುಕಿತು. ಬಂದವರೆಲ್ಲ ನಲವತ್ತರ ಆಸುಪಾಸಿನವರು. ಹೊಟ್ಟೆ ಬಂದ ಪೊಲೀಸ್ ಅಧಿಕಾರಿಗಳು, ಟೀಚರುಗಳು, ಟ್ರಕ್ ಓಡಿಸುವವರು. ಬಾಗಿಲು ದಾಟಿ ಗೋಡೆಯ ಮೇಲೆ ಬಿಡಿಸಿದ್ದ ಟೊಕ್ಟುವನ್ನು ಕಂಡಿದ್ದೇ ಒಬ್ಬರನ್ನೊಬ್ಬರು ತಿವಿದುಕೊಂಡು ಕಿರುಚತೊಡಗಿದರು. ಅಕೆ ಬಂದಾಗ ಎಲ್ಲರೂ ಎದ್ದರು. ಬುರುಲ್ ಅವರ ಹೆಗಲಿಗೆ ಕಸೂತಿಯ ಉದ್ದನೆ ನಿಲುವಂಗಿ, ಚಾಪಾನ್, ಹೊದಿಸಿ ತಲೆಗೆ ಹೊಸ ಬಿಳಿ ಕಲ್ಪಾಕ್ ಟೋಪಿ ಇಟ್ಟಳು. ಅಕೆ ಹಲ್ಲು ತೋರಿಸಿ ನಗುತ್ತಿದ್ದರು. ಎಷ್ಟು ಚೆಂದ ಕಾಣುತ್ತಿದ್ದರೆಂದರೆ ಅವಳಿಗೆ ಖುಷಿಯೂ ಸಂಕಟವೂ ಒಟ್ಟಿಗೇ ಆಯಿತು.

“ಈ ಕುರಿಮರೀನ ಬಿಡಿಸಿದವರು ಯಾರೋ ಗೊತ್ತಿಲ್ಲ. ಅವರ ಹೆಸರುಗಳು ಚಿತ್ರದ ಕೊನೇಲಿ, ಓದೋಕೆ ಬರ್ದಿರೋ ಅಕ್ಷರದಲ್ಲಿ, ಓಡೋಡಿ ಹೋಗ್ತಿದ್ವು,” ಎಂದಳು ಮೈಕ್ ಹಿಡಿದು. “ನಮಗೆ ಗೊತ್ತಿದ್ದೋರು ಇವರೊಬ್ರೇ. ಮನೇಲಿ ರೊಟ್ಟಿ ಕಮ್ಮಿ ಇದ್ದ ದಿನಾನೂ ಇವರು ನಮ್ಮನ್ನ ನಗಿಸದೆ ಮಲಗಿಸಲಿಲ್ಲ.”

ಪರದೆ ಬೆಳಗಿತು. ಅಕೆ ಮೈಕಿಗೆ ಬಾಗಿದರು. ಬೊರು ಚೆನ್ನಾಗಿಯೇ ಗೊಗ್ಗರಿಸಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಟೊಕ್ಟು ಬಾಯಿ ತೆರೆದಾಗ ಮಾತ್ರ ವಾರ್ತೆ ಓದಿದ ಹಾಗಾಯಿತು. ಪ್ರತಿಯೊಂದು ಅಕ್ಷರ ಸ್ಪಷ್ಟ, ಶುದ್ಧ, ಸತ್ತದ್ದು. ಮರಿ ಮಂಜಿನಿಂದ ದಡಕ್ಕೆ ಹಾರಿತು. ಇಷ್ಟು ವರ್ಷ ಕಾದ ಗಳಿಗೆ ಅದು. ಜನ ಒಳ್ಳೆಯವರು, ಕೈ ತಟ್ಟಿದರು. ಅಕೆ ಮೈಕ್ ಆರಿಸಿ, ಮುಖ ಸಣ್ಣದು ಮಾಡಿಕೊಂಡು ಕೂತರು. ಅವರಿಗೂ ಗೊತ್ತಾಗಿತ್ತು. ಬುರುಲ್‌ಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಆಗಲೇ ಕುಬಾತ್ ಒಂದು ದೊಡ್ಡ ತಟ್ಟೆ ಹೊತ್ತು ಮೆರವಣಿಗೆಯಲ್ಲಿ ಬಂದಂತೆ ಬಂದ. ಮುಖ್ಯ ಅತಿಥಿಗೆ ಸಲ್ಲುವ ಮರ್ಯಾದೆ. ಬೇಯಿಸಿದ ಕುರಿಯ ತಲೆ. ಅವನು ಅದನ್ನು ಅಕೆಯ ಮುಂದೆ, ಗೋಡೆಯ ಮೇಲಿನ ಟೊಕ್ಟುವಿನ ನೇರ ಕೆಳಗೆ, ಎರಡೂ ಕೈಯಲ್ಲಿ ಇಟ್ಟು ಹಿಂದೆ ಸರಿದ.

ಜನ ಗೋಡೆ ನೋಡಿದರು, ತಟ್ಟೆ ನೋಡಿದರು, ಮತ್ತೆ ಗೋಡೆ ನೋಡಿದರು.

“ಲೋ ಕುಬಾತ್,” ಎಂದಿತು ಹಿಂದಿನಿಂದೊಂದು ದನಿ, “ಟೊಕ್ಟುನೇ ಬೇಯಿಸಿದೀಯಲ್ಲೋ!”

ಕುಬಾತ್‌ನ ಮುಖ ಬಿಳಿಚಿತು. ಮೆನು ಮಾಡುವಾಗ ಅವನಿಗೆ ಸಂಪ್ರದಾಯವೊಂದೇ ನೆನಪಿತ್ತು. “ಬೇರೆ ಯಾರ ತಲೆ ಇಡ್ಲಿ? ಹಿರಿಯರಿಗೆ ಕೋಳಿ ತಲೆ ಇಡೋಕಾಗುತ್ತಾ?” ಎಂದು ತೊದಲಿದ. ನಗು ಸ್ಫೋಟಿಸಿತು. ಅಕೆಯೂ ತುಟಿ ಕಚ್ಚಿದರು.

ಆದರೆ ಇಟ್ಟ ಮರ್ಯಾದೆಯನ್ನು ತಳ್ಳುವಂತಿಲ್ಲ. ಅಕೆ ಚಾಕು ತೆಗೆದುಕೊಂಡು ಮೊದಲು ಕಿವಿ ಕೊಯ್ದರು. ಕಿವಿ ಮಕ್ಕಳಿಗೆ ಸಲ್ಲಬೇಕು. ಅವರು ಆ ಬೊಕ್ಕತಲೆ, ಬೊಜ್ಜುಹೊಟ್ಟೆಗಳ ಸಾಲನ್ನು ಕಣ್ಣಲ್ಲೇ ಅಳೆದು, ಬುರುಲ್‌ಗೆ ಚಾಚಿದರು. “ತಗೋ. ನಿನ್ನಷ್ಟು ಚಿಕ್ಕವರು ಇಲ್ಲಿ ಯಾರೂ ಕಾಣಿಸ್ತಿಲ್ಲ.” ಅವಳು ಗೋಡೆಯ ಕಡೆ ನೋಡದೆ ನುಂಗಿದಳು.

ಆಮೇಲೆ ಅವರು ದವಡೆಯ ಮಾಂಸಕ್ಕೆ ಬಾಯಿ ಹಾಕಹೊರಟವರು ಥಟ್ಟನೆ ನಿಂತರು. ಡಾಕ್ಟರಮ್ಮ ಹೇಳಿದ್ದು ನೆನಪಾಗಿರಬೇಕು. ಆ ಕಡೆ ತಿರುಗಿ, ಯಾರಿಗೂ ಕಾಣದಂತೆ ಸೆಟ್ಟು ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಹೊಸ ಚಾಪಾನಿನ ಒಳಜೇಬಿಗೆ ಇಳಿಬಿಟ್ಟರು. ಬುರುಲ್ ನೋಡಿದಳು, ನೋಡದವಳಂತೆ ಚಹಾ ಬಗ್ಗಿಸಿದಳು. ಹಿರಿಯರು ಬಾಯ್ತುಂಬ ಇಟ್ಟುಕೊಂಡು ಮಾತಾಡುವುದಿಲ್ಲ. ಅಕೆ ತಲೆ ತಗ್ಗಿಸಿ ನಿಧಾನವಾಗಿ, ತೃಪ್ತಿಯಾಗಿ ಉಂಡರು.

ಊಟ ಮುಗಿಯಿತು. ಇನ್ನು ಬಾತಾ. ಹಿರಿಯರು ಹರಸದೆ ಯಾರೂ ಏಳುವಂತಿಲ್ಲ. ಅಕೆ ಎರಡೂ ಅಂಗೈ ಬಿಡಿಸಿ ಎದೆಯ ಮುಂದೆ ಹಿಡಿದರು. ಹಾಲ್ ತುಂಬ ಕೈಗಳು ತೆರೆದುಕೊಂಡವು. ತೆರೆದ ಕೈಯನ್ನು, ಹಾರೈಕೆ ಮುಗಿದು ಓಮೀನ್ ಅನ್ನುವವರೆಗೆ, ಯಾರೂ ಇಳಿಸುವುದಿಲ್ಲ, ಮೂಗಿನ ಮೇಲೆ ನೊಣ ಕೂತರೂ.

“ನಿಮ್ಮ ಮನೆಯ ಸೂರು ಸೋರದಿರಲಿ...” ಎಂದರು ಅಕೆ.

ಸಿಳ್ಳೆ ಹೊರಟಿತು. ಸಣ್ಣದು, ತೆಳ್ಳನೆಯದು, ಆ ಸಂಜೆಗಳದ್ದೇ.

ಅಕೆಗೆ ತನ್ನ ಬಾಯಿಂದ ಏನು ಬಂತೆಂದು ಈಗ ತಿಳಿಯಿತು. ಬಲಗೈ ಜೀವಮಾನವಿಡೀ ಎಲ್ಲಿಗೆ ಓಡುತ್ತಿತ್ತೋ ಅಲ್ಲಿಗೇ ಓಡಲು ಹವಣಿಸಿತು. ಆದರೆ ಬಾತಾದ ಕೈ, ಎತ್ತುವುದಾದರೂ ಹೇಗೆ? ಅದು ಗಾಳಿಯಲ್ಲೇ ತೆರೆದುಕೊಂಡು ನಿಂತಿತ್ತು. ಮುಚ್ಚಲಿಕ್ಕೆ ಏನೂ ಇಲ್ಲದ ಆ ಮುಖ ಜನರೆದುರು ಹಾಗೇ ಬಯಲಾಗಿತ್ತು. ಬುರುಲ್‌ಗೆ ಓಡಿಹೋಗಿ ಅಡ್ಡ ನಿಲ್ಲಬೇಕೆನಿಸಿತು. ಅವಳ ಕೈಗಳೂ ತೆರೆದೇ ಇದ್ದವು.

ಅಕೆ ತಲೆಯೆತ್ತಿ ಹಾಲ್ ನೋಡಿದರು. ಮೊದಲ ಸಾಲಿನ ಪೊಲೀಸ್ ಅಧಿಕಾರಿಯ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಅವನಿಗೂ ಕೈ ಬಿಡುವಿರಲಿಲ್ಲ. ಕುಬಾತ್ ಬಾಯಿ ಬಿಟ್ಟುಕೊಂಡು, ಎಂಟು ವರ್ಷದವನ ಮುಖ ಮಾಡಿಕೊಂಡು ಕೂತಿದ್ದ. ಯಾರೂ ಆ ಸಂದಿಯನ್ನು ನೋಡುತ್ತಿರಲಿಲ್ಲ. ಅವರೆಲ್ಲ ಟೊಕ್ಟುವನ್ನು ಕೇಳುತ್ತಿದ್ದರು.

ಅಕೆ ಮುಂದುವರಿಸಿದರು. ಈ ಸಲ ದನಿಯನ್ನು ಬೇಕೆಂದೇ ಒಂದಿಷ್ಟು ಮೇಲಕ್ಕೇರಿಸಿ.

“ಸಂಸಾರ ಸೊಂಪಾಗಿರಲಿ. ಸಂಜೆ ಹೊತ್ತು ಕರೆಂಟು ಹೋಗದಿರಲಿ. ಈ ಮರಿಯನ್ನ ಬಿಡಿಸಿದ ಕೈಗಳು ಯಾವ ಸೀಮೆಯಲ್ಲಿದ್ದರೂ ಸುಖವಾಗಿರಲಿ. ಈ ಹಲ್ಲಿನ ಡಾಕ್ಟರ ಕೈ ಸೋಲದಿರಲಿ. ತೋಳದ ಬಾಯಿಂದ ತಪ್ಪಿಸಿಕೊಂಡ ಮರಿ ಕುಬಾತ್‌ನ ಸೌಟಿನಿಂದಲೂ ತಪ್ಪಿಸಿಕೊಳ್ಳಲಿ!”

ಕಡೆಯಲ್ಲಿ ನಕ್ಕರು. ಕೆಟಲ್ ಕುದಿ ಬಂತು. ಜನ ನಗುತ್ತ, ಅಳುತ್ತ, ಓಮೀನ್ ಎನ್ನುತ್ತ ಅಂಗೈಗಳಿಂದ ಮುಖ ಸವರಿಕೊಂಡರು. ಅಂತೂ ಕಣ್ಣೊರೆಸಿಕೊಳ್ಳಲು ದಾರಿಯಾಯಿತು.

“ಇನ್ನೊಂದ್ಸಲ ಹಾಕಿ! ಮಂಜಿನದು!” ಹಾಲ್ ಒಂದೇ ಗಂಟಲಲ್ಲಿ ಕೂಗಿತು.

ಕಾಲಿಚಾ ಅಪಾ ಎದ್ದು ಬಂದು ಗಂಡನ ಮುಂದೆ ಕೈಚಾಚಿದರು. “ಎಲ್ಲಿ ಆ ಹಲ್ಲು? ನನ್ನ ಹತ್ರ ಕೊಡು. ಹೊಸ ಚಾಪಾನ್ ಕೊಳೆಯಾಗುತ್ತೆ. ಮನೇಲಿ ನನಗೋಸ್ಕರ ಹಾಕ್ಕೋ, ಇಲ್ಲಿ ಇವರಿಗೋಸ್ಕರ ಮಾತಾಡು.”

ಪರದೆಯ ಮೇಲೆ ಮಂಜು ಬಿರುಕು ಬಿಟ್ಟಿತು. ಟೊಕ್ಟು ಸಿಳ್ಳೆ ಹಾಕುತ್ತ ಬೊರುವನ್ನು ಬೈದ, ಕಣ್ಣು ಮುಚ್ಚಿದ, ಹಾರಿದ, ದಡದಲ್ಲಿ ಬಿದ್ದು ಹೊರಳಾಡಿ ನಕ್ಕ. ಶರ್ಶೆನ್ ಅಕೆಯೂ ಹಿಂದಕ್ಕೊರಗಿ ನಗುತ್ತಿದ್ದರು. ಬುರುಲ್ ಪರದೆ ನೋಡುತ್ತಿರಲಿಲ್ಲ. ಅಕೆಯ ಬಲಗೈಯನ್ನೇ ನೋಡುತ್ತಿದ್ದಳು. ಅದು ಮೇಜಿನ ಮೇಲೆ, ಚಹಾ ಬಟ್ಟಲಿನ ಪಕ್ಕದಲ್ಲಿ, ಸುಮ್ಮನೆ ಇತ್ತು.