ಕಚ್ಚಾ ಹೊಲಿಗೆಯ ದಾರಿ

ಮನೆಯಲ್ಲಿ ಇಬ್ಬರು ಅಕ್ಕತಂಗಿಯರು, ಒಬ್ಬ ಭಾವ. ಅಕ್ಕ ಹೊಲಿಯುವವಳು, ತಂಗಿ ಬಟ್ಟೆ ಕತ್ತರಿಸುವವಳು, ಅಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರ್. ಕೆಳಗೆ ಟೈಲರಿಂಗ್ ಅಂಗಡಿ, ಮೇಲೆ ವಾಸ. ತಂಗಿಗೆ ನಲವತ್ತೊಂಬತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ, "ಅಳತೆಗೆ ಸರಿಹೋಗೋ ಗಂಡು ಸಿಗಲಿಲ್ಲ, ಆಲ್ಟರ್ ಮಾಡೋಕೆ ನನಗೆ ಪುರುಸೊತ್ತಿರಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಕಣ್ಣಳತೆ ಎಷ್ಟು ಖಚಿತವೆಂದರೆ, ಗಿರಾಕಿ ಹೊಸ್ತಿಲು ದಾಟುವ ಮುಂಚೆಯೇ ಸೊಂಟದ ಸುತ್ತಳತೆ ಹೇಳಿಬಿಡುತ್ತಿದ್ದಳು, ಅದೂ ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳುವಂತೆ. ಹೀಗೆ ಒಂದಿಬ್ಬರು ಗಿರಾಕಿಗಳು ಮುನಿಸಿಕೊಂಡು ಹೋದದ್ದೂ ಉಂಟು.

ಇಂಥ ಗಟ್ಟಿಗಿತ್ತಿ ಎಂಟು ತಿಂಗಳಿಂದ ಒಂದೇ ಒಂದು ವಿಷಯದಲ್ಲಿ ದಿಕ್ಕು ತೋಚದೆ ಒದ್ದಾಡುತ್ತಿದ್ದಳು. ಅದು ಅಕ್ಕನ ಬಲ ಮಂಡಿ. ಅಂಗಡಿಯ ಮೇಲಿನ ಹಲಗೆಯಿಂದ ನೀಲಿ ಬಟ್ಟೆಯ ಥಾನು ಇಳಿಸಲು ಅಕ್ಕ ಸ್ಟೂಲ್ ಹತ್ತಿದ್ದಳು. ಸ್ಟೂಲ್ ಮಗುಚಿತು, ಮಂಡಿ ಚಿಪ್ಪು ಪುಡಿಯಾಯಿತು, ಆಪರೇಷನ್ ಆಗಿ ಹೊಸ ಮಂಡಿ ಬಂತು. ಆರನೇ ತಿಂಗಳಿಗೆ ಡಾಕ್ಟರು, "ನಡೀಬಹುದು ಅಲ್ಲ, ನಡೀಲೇಬೇಕು" ಎಂದು ಗದರಿಸಿ ಕಳಿಸಿದ್ದರು. ಆದರೂ ಅಕ್ಕ ಮೇಲಿನ ಮನೆಯ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳಲೊಲ್ಲಳು. ಕೆಳಗೆ ಮೆಷಿನ್ ಕೆಲಸವನ್ನೂ ತಂಗಿಯೇ ಮಾಡಿ, ಗುಂಡಿ ಹಚ್ಚುವ ಕೆಲಸ, ಕಾಜಾ ಹಾಕುವ ಕೆಲಸ ಎಲ್ಲವನ್ನೂ ಮೇಲಕ್ಕೆ ಹೊತ್ತು ತರುತ್ತಿದ್ದಳು. ಟೀ ಮೇಲಕ್ಕೆ, ಪೇಪರ್ ಮೇಲಕ್ಕೆ, ಬೀದಿಯ ಸುದ್ದಿ ಮೇಲಕ್ಕೆ. ಅಕ್ಕ ನೀರಿಗೆಂದು ಕೈ ಚಾಚಿದರೆ ಸಾಕು, ತಂಗಿ ಲೋಟ ಹಿಡಿದು ಹಾಜರ್.

ಆ ಥಾನು ಇಳಿಸು ಎಂದವಳು ತಂಗಿ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಆದರೆ ಅವಳು ಒಂದು ದಿನವೂ ಮರೆತಿರಲಿಲ್ಲ. ಹೀಗೇ ಬಿಟ್ಟರೆ ಅಕ್ಕ ಜೀವಮಾನವಿಡೀ ಆ ಕುರ್ಚಿಗೇ ಅಂಟಿಕೊಳ್ಳುತ್ತಾಳೆ ಎಂಬುದೇ ಅವಳ ಹೆದರಿಕೆ.

ಹಾಗಿರುವಾಗ ಒಂದು ಸಂಜೆ ಭಾವ ಡ್ಯೂಟಿ ಮುಗಿಸಿ ಬಂದು, ಊರಾಚೆಯ ದೊಡ್ಡ ಅರಣ್ಯ ಪಾರ್ಕಿಗೆ ತಮ್ಮ ಡಿಪೋದಿಂದ ಭಾನುವಾರ ಬಸ್ ಬಿಡುತ್ತಾರೆ ಎಂದು ಹೇಳಿದ. ಒಂದೂವರೆ ಗಂಟೆಯ ದಾರಿ. ಸಾವಿರಾರು ಎಕರೆ ಕಾಡು, ನಡುವೆ ನಡೆಯಲು ದಾರಿಗಳು. ಗುಂಡಿ ಹಚ್ಚುತ್ತಿದ್ದ ಅಕ್ಕ ತಲೆ ಎತ್ತದೆ, "ಮರದ ಕೆಳಗೆ ನಡೆದು ಎಷ್ಟು ಕಾಲ ಆಯ್ತಪ್ಪ" ಎಂದಳು.

ತಂಗಿಯ ಕಿವಿ ನಿಮಿರಿತು. ಎಂಟು ತಿಂಗಳಲ್ಲಿ ಅಕ್ಕನ ಬಾಯಲ್ಲಿ 'ನಡೆಯುವುದು' ಎಂಬ ಪದ ಬಂದದ್ದು ಅದೇ ಮೊದಲು. ಬರುವ ಭಾನುವಾರವೇ ಹೋಗುವುದು ಎಂದು ಅವಳು ನಿಂತ ನಿಲುವಿನಲ್ಲೇ ತೀರ್ಮಾನಿಸಿದಳು. ಅಕ್ಕ "ನೋಡೋಣ" ಎಂದಳು. ಅಕ್ಕನ 'ನೋಡೋಣ'ದಲ್ಲಿ ಮುಕ್ಕಾಲು ಪಾಲು 'ಇಲ್ಲ' ಇರುತ್ತದೆಂದು ತಂಗಿಗೆ ಗೊತ್ತಿಲ್ಲದೆ ಇಲ್ಲ. ಆ ಮುಕ್ಕಾಲನ್ನು ಅಳಿಸಬೇಕಾದರೆ ದಾರಿ ಸರಿಯಾಗಿರಬೇಕು: ಏರಿಲ್ಲದ, ಕಲ್ಲಿಲ್ಲದ, ಹಾಸಿದ ಬಟ್ಟೆಯಂಥ ದಾರಿ.

ಭಾವ ಡಿಪೋದ ಗೋಡೆಯ ಮೇಲಿದ್ದ ಪಾರ್ಕಿನ ನಕ್ಷೆಯನ್ನು ಕಳಚಿ ಜೆರಾಕ್ಸ್ ಮಾಡಿಸಿ ತಂದ. ಡಿಪೋದ ಮೆಷಿನ್ ಅವನ ಬಸ್ಸಿಗಿಂತ ಹಳೆಯದು. ಬಣ್ಣವೆಲ್ಲ ಹೋಗಿ ಕಪ್ಪುಬಿಳುಪಾಗಿತ್ತು, ಕೆಳಗಿನ ನಾಲ್ಕು ಬೆರಳಿನಷ್ಟು ಭಾಗ ಕಾಗದದೊಳಗೆ ಬಂದೇ ಇರಲಿಲ್ಲ. ಯಾವ ಗುರುತಿಗೆ ಏನರ್ಥ ಎಂದು ಬರೆದದ್ದು ಅಲ್ಲಿಯೇ.

"ಈ ಸಣ್ಣ ಸಣ್ಣ ಗೆರೆ ಏನು ಭಾವ?" ಎಂದು ತಂಗಿ ಕೇಳಿದಳು.

"ಅದು ಎತ್ತರ. ಗೆರೆ ಒತ್ತೊತ್ತಾಗಿದ್ರೆ ಏರು ಜಾಸ್ತಿ. ದೂರ ದೂರ ಇದ್ರೆ ಕಮ್ಮಿ."

"ಹಾಗನ್ನಿ. ನೆರಿಗೆ!" ಎಂದಳು ತಂಗಿ. ಮೂವತ್ತು ವರ್ಷ ನೆರಿಗೆ ಹಿಡಿದವಳಿಗೆ ಇದೇನು ಮಹಾ? ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರವಿ, ನಾಲ್ಕು ಮೂಲೆಗೂ ಕಬ್ಬಿಣದ ತೂಕ ಇಟ್ಟು, ಕನ್ನಡಕ ಏರಿಸಿ ಕೂತಳು. ಕಾಡಿನ ತುಂಬ ನೆರಿಗೆಯೋ ನೆರಿಗೆ. ಆದರೆ ನಟ್ಟನಡುವೆ ಒಂದು ವಿಶಾಲವಾದ ಜಾಗ, ಅಂಗಿಯ ತೋಳಿನ ಆಕಾರದ್ದು, ಒಂದು ನೆರಿಗೆಯೂ ಇಲ್ಲದೆ ಬೆಳ್ಳಗೆ ಬಿದ್ದಿತ್ತು. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಬಿಟ್ಟು ಬಿಟ್ಟು ಎಳೆದ ಗೆರೆ. ಟೈಲರುಗಳ ಭಾಷೆಯಲ್ಲಿ ಹಾಗೆ ಬಿಟ್ಟು ಬಿಟ್ಟು ಹಾಕುವುದು ಕಚ್ಚಾ ಹೊಲಿಗೆ, ಆಮೇಲೆ ಬಿಚ್ಚಿ ತೆಗೆಯುವಂಥದ್ದು. ಕಚ್ಚಾ ಹೊಲಿಗೆಯಂತಿದೆ ಎಂದಮೇಲೆ ಅದು ಕಚ್ಚಾ ರಸ್ತೆಯಲ್ಲದೆ ಇನ್ನೇನು? ಇಷ್ಟು ಸಲೀಸಾಗಿ ನಕ್ಷೆ ಅರ್ಥವಾದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿತು.

"ಭಾವ, ಇದು ಕಚ್ಚಾ ರಸ್ತೆ ತಾನೇ?"

ಬೆಳಗಿನ ನಾಲ್ಕು ಗಂಟೆಯ ಶಿಫ್ಟ್ ಮಾಡಿ ಬಂದಿದ್ದ ಭಾವ ಕಣ್ಣು ಮುಚ್ಚಿಕೊಂಡೇ "ಹೂಂ" ಎಂದ. ಆ 'ಹೂಂ' ನಿದ್ದೆಯದ್ದೋ ಒಪ್ಪಿಗೆಯದ್ದೋ ಎಂದು ತಂಗಿ ವಿಚಾರಿಸಲಿಲ್ಲ.

ಆ ವಾರವಿಡೀ ಅಂಗಡಿಯಲ್ಲಿ ಎರಡು ಕೆಲಸ ನಡೆದವು, ಒಂದು ಗಿರಾಕಿಗಳದ್ದು, ಒಂದು ಕಾಡಿನದ್ದು. ತಂಗಿ ಟೇಪು ಹಿಡಿದು ಆ ಗೆರೆಯನ್ನು ಅಳೆದಳು. ಒಂಬತ್ತು ಸೆಂಟಿಮೀಟರ್, ಅಂದರೆ ನಕ್ಷೆಯ ತಲೆಯಲ್ಲಿ ಬರೆದಿದ್ದ ಅಳತೆಯಂತೆ ಎರಡೂಕಾಲು ಕಿಲೋಮೀಟರ್. ಹೊಲಿಗೆಗೆಂದು ಅಂಚು ಬಿಡುವ ಅಭ್ಯಾಸ ಎಲ್ಲಿ ಹೋಗಬೇಕು, ಕಾಲು ಸೇರಿಸಿ ಎರಡೂವರೆ ಎಂದು ಬರೆದಳು. ಅಕ್ಕ ಕೂತು ಸುಧಾರಿಸಿಕೊಳ್ಳಲೆಂದು ಮಡಚುವ ಕುರ್ಚಿಯೊಂದನ್ನು ಕೊಂಡು, ಹೆಗಲಿಗೆ ಹಾಕಿಕೊಳ್ಳಲು ಅದಕ್ಕೊಂದು ಚೀಲವನ್ನೂ ಹೊಲಿದಳು. ಕುರ್ಚಿ ಎಲ್ಲೆಲ್ಲಿ ಹಾಕಬೇಕೆಂದು ನಕ್ಷೆಯ ಮೇಲೆ ಚಾಕ್‌ನಿಂದ ಏಳು ಗುರುತು ಮಾಡಿದಳು. ನಾಲ್ಕನೇ ಗುರುತಿನ ಹತ್ತಿರ, ಸರೀ ನಡುಮಧ್ಯದಲ್ಲಿ, ಊಟ.

ಭಾವನಿಗೂ ಹುಮ್ಮಸ್ಸು ಬಂತು. ಅವನಿಗೆ ಟೈಮಿಂಗ್ ಇಲ್ಲದೆ ಯಾವುದೂ ರುಚಿಸುವುದಿಲ್ಲ. ಏಳು ನಿಲ್ದಾಣಗಳಿಗೂ ಹೊತ್ತು ಹಾಕಿ, ಊಟಕ್ಕೆ ಇಪ್ಪತ್ತೈದು ನಿಮಿಷ ಕೊಟ್ಟು, "ಲೇಟಾದ್ರೆ ಮುಂದಿನ ಸ್ಟಾಪಲ್ಲಿ ಅಷ್ಟು ಟೈಮ್ ಕಟ್" ಎಂದ. ಇಬ್ಬರೂ ಸೇರಿ ಅಕ್ಕನ ಮುಂದೆ ನಕ್ಷೆ ಹಿಡಿದರು.

"ಪೂರ್ತಿ ಸಪಾಟು ಅಕ್ಕ. ಒಂದೇ ಒಂದು ಏರಿಲ್ಲ. ನಾನೇ ನೋಡಿದೀನಿ."

ಅಕ್ಕ ಕನ್ನಡಕದ ಮೇಲಿಂದ ನಕ್ಷೆ ನೋಡಿದಳು, ಆಮೇಲೆ ತಂಗಿಯನ್ನು ನೋಡಿದಳು. "ನನಗೋಸ್ಕರ ಇಷ್ಟು ಸಪಾಟು ಮಾಡಿಬಿಟ್ರಾ" ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸತೊಡಗಿದಳು. ಆ ದನಿಯಲ್ಲಿ ಖುಷಿ ಕಾಣಲಿಲ್ಲ. ಹೆದರಿಕೊಂಡಿದ್ದಾಳೆ, ಪಾಪ, ಎಂದುಕೊಂಡಳು ತಂಗಿ.

ಶುಕ್ರವಾರ ಮಧ್ಯಾಹ್ನ ಸಣ್ಣ ಮಳೆ ಬಿತ್ತು. ಒದ್ದೆ ನೆಲದಲ್ಲಿ ಅಕ್ಕ ಜಾರಿಗೀರಿ ಬಿದ್ದರೆ? ತಂಗಿ ಅಂಗಡಿಯಿಂದಲೇ ಪಾರ್ಕಿನ ಕಚೇರಿಗೆ ಫೋನ್ ಹಚ್ಚಿದಳು. ಒಬ್ಬ ಗಾರ್ಡ್ ಎತ್ತಿದ. ಸಾವಧಾನದ ಮನುಷ್ಯ.

"ಅಲ್ಲಪ್ಪ, ನಿಮ್ಮ ಪಾರ್ಕಿನ ಮಧ್ಯದಲ್ಲಿ ದೊಡ್ಡ ಬಯಲಿದೆಯಲ್ಲ, ತೋಳಿನ ಥರ. ಅಲ್ಲಿ ನೆಲ ಒದ್ದೆ ಇರುತ್ತಾ?"

"ಅಲ್ಲಿ ಯಾವಾಗ್ಲೂ ಒದ್ದೆನೇ ಅಮ್ಮ."

"ಚಪ್ಪಲಿಗೆ ಮೆತ್ತಿಕೊಳ್ಳುತ್ತಾ?"

"ಚಪ್ಪಲಿಗಾ?" ಎಂದ ಗಾರ್ಡ್. "ಮೂರಾಳು ಆಳ ಇದೆ ಅಮ್ಮ. ಅದು ಕೆರೆ."

"ಕೆರೆನಾ? ಮತ್ತೆ ನಡುವೆ ಹೋಗೋ ಕಚ್ಚಾ ರಸ್ತೆ?"

"ಅದು ದೋಣಿ ಹೋಗೋ ದಾರಿ."

ತಂಗಿ ಮೇಜಿನ ಮೇಲಿನ ನಕ್ಷೆ ನೋಡಿದಳು. ಅಕ್ಕನನ್ನು ಕೂರಿಸಲೆಂದು ಗುರುತು ಮಾಡಿದ ಏಳು ಚುಕ್ಕಿಗಳು ಕೆರೆಯ ಉದ್ದಕ್ಕೂ ಸಾಲಾಗಿ ತೇಲುತ್ತಿದ್ದವು. ಊಟವಂತೂ ಕೆರೆಯ ನಟ್ಟನಡುವೆ. ಕೆನ್ನೆ ಬಿಸಿಯಾಯಿತು. ನಡೆದೇ ಹೋಗುವುದಾದರೆ ಕೆರೆಯ ಪಕ್ಕದಲ್ಲಿ ಇನ್ನೊಂದು ದಾರಿಯಿದೆ, ಮೂರು ಕಿಲೋಮೀಟರ್, ನಡುವೆ ಒಂದು ಗುಡ್ಡ ಹತ್ತಬೇಕು, ಮೇಲೆ ನಿಂತರೆ ಇಡೀ ಕಾಡು ಕಾಣುತ್ತದೆ ಎಂದೆಲ್ಲ ಗಾರ್ಡ್ ಹೇಳುತ್ತಲೇ ಇದ್ದ. 'ಗುಡ್ಡ' ಎಂದಮೇಲೆ ಬಂದ ಮಾತು ಯಾವುದೂ ಅವಳ ತಲೆಗೆ ಹೋಗಲಿಲ್ಲ.

ಇನ್ನೇನು, ಮುಗಿಯಿತು. ಸಪಾಟು ದಾರಿಗೇ 'ನೋಡೋಣ' ಎಂದವಳು ಗುಡ್ಡಕ್ಕೆ ಬಂದಾಳೆಯೇ? ಬಂದರೂ ತಾನು ಹೇಗೆ ಹತ್ತಿಸುವುದು? ಒಮ್ಮೆ ಹತ್ತಿಸಿದ್ದು ಸಾಲದೇ? ಆ ಸ್ಟೂಲಿನ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು. ತಂಗಿ ಕಣ್ಣೊರೆಸಿಕೊಂಡು, ಒಂದು ಸುಳ್ಳು ಸಿದ್ಧಮಾಡಿಕೊಂಡು ಮೇಲಕ್ಕೆ ಹೋದಳು.

"ಭಾನುವಾರ ಪಾರ್ಕು ಮುಚ್ಚಿರುತ್ತಂತೆ ಅಕ್ಕ."

"ಭಾನುವಾರಕ್ಕೆ ಅಂತಾನೇ ಬಸ್ ಬಿಟ್ಟು, ಭಾನುವಾರನೇ ಮುಚ್ತಾರಾ?" ಅಕ್ಕ ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು. "ಸುಳ್ಳು ಹೇಳೋದನ್ನಾದ್ರೂ ಸರಿಯಾಗಿ ಕಲೀಬಾರದಾ? ಏನಾಯ್ತು ಹೇಳು."

ಅಕ್ಕನ ಮುಂದೆ ಅವಳ ಆಟ ಯಾವತ್ತೂ ನಡೆದದ್ದಿಲ್ಲ. ತಂಗಿ ಎಲ್ಲ ಹೇಳಿದಳು, ನೆರಿಗೆಯಿಂದ ಮೂರಾಳು ಆಳದವರೆಗೆ. ಅಕ್ಕ ಮೊದಲು ತುಟಿ ಕಚ್ಚಿ ಹಿಡಿದುಕೊಂಡಳು. ಊಟದ ಜಾಗಕ್ಕೆ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. ನಕ್ಕಳು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಕಣ್ಣಲ್ಲಿ ನೀರು ಬಂತು.

"ಅಯ್ಯೋ ನಿನ್ನ! ನೀರಿನ ಮೇಲೆ ನಡೆಸೋಕೆ ಹೊರಟಿದ್ದೆಯಲ್ಲೇ ನನ್ನ! ಅದೂ ಏಳು ಕಡೆ ಕುರ್ಚಿ ಹಾಕಿ! ನಿಮ್ಮ ಭಾವ ಬೇರೆ ಅದಕ್ಕೆ ಟೈಮಿಂಗ್ ಕೊಟ್ರು!"

ತಂಗಿಗೂ ನಗು ಬಂತು. ಇಬ್ಬರೂ ಸೇರಿ ನಕ್ಕು ಎಷ್ಟು ತಿಂಗಳಾಗಿತ್ತೋ. ನಗು ಇಳಿದ ಮೇಲೆ ಅವಳು, "ಇನ್ನೊಂದು ದಾರಿ ಇದೆ, ಆದ್ರೆ ಅದಕ್ಕೆ ಗುಡ್ಡ ಹತ್ತಬೇಕು. ಬೇಡ ಬಿಡು ಅಕ್ಕ, ನಿನಗೆ ಭಯ ಆಗುತ್ತೆ" ಎಂದಳು.

"ನನಗಾ?" ಅಕ್ಕ ಎದ್ದು ನಿಂತಳು. ತಂಗಿ ಹಿಡಿದುಕೊಳ್ಳಲು ಧಾವಿಸಿದಳು. ಅಕ್ಕ ಕೈ ಅಡ್ಡ ಹಿಡಿದಳು. "ನೋಡು, ಇದೇ. ನಾನು ಎದ್ದು ನಿಂತ್ರೆ ಸಾಕು, ನಿನ್ನ ಮುಖ ಬಿಳಚಿಕೊಳ್ಳುತ್ತೆ. ಎಂಟು ತಿಂಗಳಿಂದ ಭಯ ಇರೋದು ನನಗಲ್ಲ ಕಣೇ, ನಿನಗೆ."

"ನೀನು ಕುರ್ಚಿ ಬಿಟ್ಟು ಏಳೋದೇ ಇಲ್ಲವಲ್ಲ!"

"ನಿನ್ನೆದುರಿಗೆ ಏಳಲ್ಲ. ಕೆಳಗೆ ಮೆಷಿನ್ ಸದ್ದು ಶುರುವಾಯ್ತು ಅಂದ್ರೆ ನಾನು ತಾರಸಿಗೆ ಹತ್ತಿ ಇಳೀತೀನಿ. ಎರಡು ತಿಂಗಳಾಯ್ತು. ದಿನಕ್ಕೆ ಆರು ಸಲ."

ತಂಗಿ ತಾರಸಿಯ ಮೆಟ್ಟಿಲ ಕಡೆ ನೋಡಿದಳು. "ಭಾವನಿಗೆ ಗೊತ್ತಾ?"

"ವಾಚ್ ಹಿಡ್ಕೊಂಡು ನಿಂತಿರ್ತಾರೆ. ಮೊನ್ನೆ ಎರಡು ನಿಮಿಷ ಮುಂಚೆ ಬಂದೆ ಅಂತ ಬೈಸಿಕೊಂಡೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನೀನು ಲೋಟ ಹಿಡ್ಕೊಂಡು ಓಡಿ ಬರ್ತಿದ್ದೆ. ಅದನ್ನೂ ಕಿತ್ಕೊಂಡ್ರೆ ಇನ್ನು ಇವಳು ಏನು ಹಿಡ್ಕೊಂಡು ಸಮಾಧಾನ ಮಾಡ್ಕೋತಾಳೆ ಅಂತ ಸುಮ್ಮನಿದ್ದೆ. ಆ ಥಾನು ಇಳಿಸು ಅಂದವಳು ನೀನು, ನಿಜ. ಆದ್ರೆ ಸ್ಟೂಲ್ ಆಡ್ತಿದೆ ಅಂತ ಗೊತ್ತಿದ್ದೂ ಹತ್ತಿದವಳು ನಾನು. ಈ ಮಂಡಿ ನನ್ನದು, ತಪ್ಪೂ ನನ್ನದು. ಅದನ್ನ ನೀನು ಹೊತ್ತುಕೊಂಡು ಮೆಟ್ಟಿಲು ಹತ್ತಿದ್ದು ಸಾಕು."

ತಂಗಿ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ನಕ್ಕಷ್ಟೇ ಜೋರಾಗಿ. ಅಕ್ಕ ತಡೆಯಲಿಲ್ಲ, ಬೆನ್ನು ಸವರುತ್ತ ನಿಂತಿದ್ದಳು. ನಿಂತೇ ಇದ್ದಳು. ಎಷ್ಟು ಹೊತ್ತು ನಿಂತಳೆಂದು ತಂಗಿಗೆ ಆಮೇಲೆ ಹೊಳೆದು ಮೈಯೆಲ್ಲ ಹಗುರಾಯಿತು. ಎಂಟು ತಿಂಗಳ ಮೇಲೆ ಮೊದಲ ಸಲ, ಅಕ್ಕನನ್ನು ಹಿಡಿದುಕೊಳ್ಳಬೇಕು ಎಂದು ಅವಳಿಗೆ ಅನಿಸಲಿಲ್ಲ.

"ಕೊಡು ಆ ಫೋನು" ಎಂದು ಅಕ್ಕ ಅವಳ ಕೈಯಿಂದ ಮೊಬೈಲು ತೆಗೆದುಕೊಂಡು ಪಾರ್ಕಿನ ನಂಬರಿಗೆ ತಾನೇ ಕರೆ ಮಾಡಿದಳು. ಅದೇ ಗಾರ್ಡ್. ಮೂವರು ಬರುತ್ತೇವೆಂದು ಹೇಳಿ ಅಕ್ಕ ದಾರಿ ಕೇಳಿದಳು, ಗುಡ್ಡದ ಎತ್ತರ ಕೇಳಿದಳು, ಮೇಲಿಂದ ಏನೇನು ಕಾಣುತ್ತದೆಂದು ಎರಡು ಸಲ ಕೇಳಿದಳು. ಆ ಕಡೆಯಿಂದ ಗಾರ್ಡ್, ಮೂವರಲ್ಲಿ ಯಾರಿಗಾದರೂ ಹತ್ತಲು ಕಷ್ಟವಿದ್ದರೆ ದೋಣಿಯಲ್ಲಿ ಆಚೆ ದಡಕ್ಕೆ ಕಳಿಸಬಹುದು, ಒಂದು ಸೀಟು ಹಿಡಿದಿಡಲೇ ಎಂದು ಕೇಳಿದ.

"ಒಂದು ಇರಲಿ" ಎಂದಳು ಅಕ್ಕ. "ನನಗಲ್ಲ, ನನ್ನ ತಂಗಿಗೆ. ನಾನು ಹತ್ತೋದು ನೋಡೋಕೆ ಅವಳಿಗೆ ಭಯ."

"ಏನೂ ಬೇಡ!" ತಂಗಿ ನೆಲದಿಂದಲೇ ಕೂಗಿದಳು. "ನಾನೂ ನಡೀತೀನಿ! ಹಿಂದೆ ಬರ್ತೀನಿ, ಮುಟ್ಟಲ್ಲ!"