ಪ್ಲಾಸ್ಟಿಕ್ ಹರಿಯದ ಬೆಲ್ಟು

"ಪ್ಲಾಸ್ಟಿಕ್ ಹರಿದ್ರೆ ನಿನ್ನ ಚರ್ಮ ಸುಲೀತೀನಿ ಬೋಳಿಮಗನೆ, ಹುಷಾರು!"

ಸೂಪರ್‌ವೈಸರ್ ನನ್ನ ಗಂಡನ ಸೊಂಟಕ್ಕೆ ಸೇಫ್ಟಿ ಬೆಲ್ಟು ಬಿಗಿಯುತ್ತಿದ್ದ. ತಪಾಸಣೆಗೆ ಸಾಹೇಬರು ಬರುವ ದಿನ ಮಾತ್ರ ಹೆಲ್ಮೆಟ್ಟು, ಬೆಲ್ಟುಗಳು ಬೀಗ ಹಾಕಿದ ಕೋಣೆಯಿಂದ ಹೊರಬರುತ್ತವೆ. ಮೇಲಿನ ಪ್ಲಾಸ್ಟಿಕ್ ತೆಗೆಯುವಂತಿಲ್ಲ. ಕೊಟ್ಟಿದ್ದಾರೆಂದು ಪುಸ್ತಕದಲ್ಲಿ ಎಲ್ಲರ ಹೆಬ್ಬೆಟ್ಟು ಬೀಳಬೇಕು. ಸಾಹೇಬರ ಜೀಪು ಗೇಟು ದಾಟುತ್ತಲೇ ಎಲ್ಲ ವಾಪಸ್ಸು ಕೋಣೆಗೆ.

ಕಳೆದ ತಿಂಗಳು ನನ್ನ ತಮ್ಮ ಈ ಕಟ್ಟಡದ ಇದೇ ನಾಲ್ಕನೇ ಮಹಡಿಯ ಹಲಗೆಯಿಂದ ಬಿದ್ದ. ಪುಸ್ತಕ ತೆರೆದು ಅವನ ಹೆಬ್ಬೆಟ್ಟು ತೋರಿಸಿದರು. "ಬೆಲ್ಟ್ ಕೊಟ್ಟಿದ್ವಿ, ಹಾಕ್ಕೊಳ್ಳಲಿಲ್ಲ. ಕೊಬ್ಬು" ಅಂದರು. ಅವನೀಗ ಮನೆಯಲ್ಲಿ ಮಲಗಿದ್ದಾನೆ. ಮಗ್ಗುಲು ಬದಲಿಸಲೂ ಅವ್ವ ಬೇಕು. ಅವನು ಅರ್ಧಕ್ಕೆ ಬಿಟ್ಟ ಗೋಡೆಗೆ ಗಾರೆ ಬಳಿಯಲು ಇವತ್ತು ನನ್ನ ಗಂಡನನ್ನು ಹತ್ತಿಸಿದ್ದಾರೆ.

ಸಾಹೇಬರು ಬಂದರು. ಕೆಳಗಿನಿಂದಲೇ ಕತ್ತೆತ್ತಿ ನೋಡಿದರು, ಫೋಟೊ ತೆಗೆಸಿದರು, ತಣ್ಣನೆಯ ಜ್ಯೂಸು ಕುಡಿದು ಹೋದರು.

ಸೂಪರ್‌ವೈಸರ್ ಮೇಲೆ ಬಂದವನೇ ಕಿಟಕಿಯ ಹತ್ತಿರ ನಿಂತು ಕೈ ಚಾಚಿದ. "ಬಿಚ್ಚು. ಕೊಡು ಇಲ್ಲಿ."

ಗಂಡ ಹೊರಗೆ ಹಲಗೆಯ ಮೇಲಿದ್ದ. ಅವನ ಕೈ ಆಗಲೇ ಬಕಲ್ಲಿಗೆ ಹೋಗಿತ್ತು. ಯಾರು ಏನು ಹೇಳಿದರೂ ತಲೆಯಾಡಿಸುವ ಪ್ರಾಣಿ ಅದು. ಒಳಗಿದ್ದ ನಾನು ಗಾರೆಯ ಬಾಂಡ್ಲಿ ಕೆಳಗಿಟ್ಟೆ.

"ಬಿಚ್ಬೇಡ್ರೀ!"

ಸೂಪರ್‌ವೈಸರ್ ನನ್ನ ಕಡೆ ತಿರುಗಿದ. "ಏನೇ ಅಂದೆ?"

"ಕೊಟ್ಟಿದ್ದೀವಿ ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ? ಕೊಟ್ಟಿದ್ದು ಅವ್ರ ಮೈಮೇಲೇ ಇರ್ಲಿ."

"ನಿಮ್ಮಪ್ಪನ ಮನೇದೇನೇ ಅದು? ನಾಳೆಯಿಂದ ಇಬ್ರೂ ಗೇಟೊಳಗೆ ಕಾಲಿಡಂಗಿಲ್ಲ, ಹೇಳಿದೀನಿ."

"ಸುಮ್ನಿರೇ, ಇರೋ ಕೆಲ್ಸಾನೂ ಹೋಗುತ್ತೆ" ಎಂದು ಗಂಡ ಹೊರಗಿನಿಂದ ಗೋಗರೆದ.

"ಹೋದ್ರೆ ಹೋಗ್ಲಿ. ಬೆಲ್ಟ್ ಬೇಕಾ ಸಾರ್? ಹೋಗಿ, ನೀವೇ ಬಿಚ್ಕೊಂಡ್ ಬನ್ನಿ."

ಸೂಪರ್‌ವೈಸರ್ ಹಲ್ಲು ಕಡಿಯುತ್ತ ಕಿಟಕಿಯಿಂದ ಒಂದು ಕಾಲು ಹೊರಗಿಟ್ಟ. ಹಲಗೆ ಕಿರುಗುಟ್ಟಿತು. ಕಾಲು ಹಿಂದಕ್ಕೆಳೆದುಕೊಂಡ. ಚೌಕಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನನ್ನ ಮೇಲೆ ಕೂಗಾಡಿದ:

"ತಲೆ ಕೆಟ್ಟಿದೆಯೇನೇ ನಿಂಗೆ? ಬೆಲ್ಟಿಲ್ದೆ ಅಲ್ಲಿಗೆ ಹೆಂಗೆ ಹೋಗ್ಲೇ ನಾನು?"

ಮೇಲಿನ ಮಹಡಿಯಲ್ಲಿ, ಕೆಳಗಿನ ಮಹಡಿಯಲ್ಲಿ ಕರಣೆಗಳ ಸದ್ದು ನಿಂತಿತು. ಎಲ್ಲರಿಗೂ ಕೇಳಿಸಿತ್ತು.

ಗಂಡ ಅವನನ್ನೇ ನೋಡಿದ. ಬಕಲ್ಲಿನಿಂದ ಕೈ ತೆಗೆದ. ಆಮೇಲೆ ಬೆಲ್ಟಿನ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದು ನಾಲ್ಕು ಮಹಡಿ ಕೆಳಗೆ ಬಿಟ್ಟ.